ಚೋಕಿನ್ ತಟ್ಟೆಗಳನ್ನು ನಾನು ಆರಿಸುವ ರೀತಿ

ಜಪಾನಿನ ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ದೊಡ್ಡ ಸಂತೆ ಸೇರುತ್ತದೆ. ಕೆಲಸಕ್ಕೆಂದು ಒಸಾಕಾಗೆ ಬಂದ ಮೇಲೆ ನನ್ನ ಚೋಕಿನ್ ತಟ್ಟೆಗಳ ಸಂಗ್ರಹ ಬೆಳೆದದ್ದು ಹೆಚ್ಚಾಗಿ ಅಲ್ಲಿಂದಲೇ.

ಇವು ಊಟದ ತಟ್ಟೆಗಳಲ್ಲ, ಅಲಂಕಾರಕ್ಕೆ ಇಡುವಂಥವು. ಸುತ್ತ ಪಿಂಗಾಣಿ, ನಡುವೆ ತಾಮ್ರದ ಬಿಲ್ಲೆ. ಬಿಲ್ಲೆಯ ಮೇಲೆ ಕೊಕ್ಕರೆಯೋ ನವಿಲೋ ಫ್ಯೂಜಿ ಬೆಟ್ಟವೋ ಇರುತ್ತದೆ. ಕೆತ್ತಿದ ಚಿತ್ರಕ್ಕೆ ಚಿನ್ನ, ಬೆಳ್ಳಿಯ ತೆಳು ಲೇಪ. ಜೊತೆಗೆ ಬರುವ ಚೀಟಿಯಲ್ಲಿ 12ನೇ ಶತಮಾನದಲ್ಲಿ ಸಮುರಾಯ್ ಯೋಧರ ಕವಚಗಳನ್ನು ಹೀಗೇ ಅಲಂಕರಿಸುತ್ತಿದ್ದರು ಎಂಬ ಕಥೆ ಇರುತ್ತದೆ. ಅದನ್ನು ಓದಿ ತಟ್ಟೆಯೇ ಅಷ್ಟು ಹಳೆಯದು ಅಂದುಕೊಳ್ಳಬಾರದು. ನಾನು ಕಂಡವೆಲ್ಲ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಉಡುಗೊರೆಗೆಂದು ತಯಾರಾದವು. ಹಾಗಾಗಿ ಬೆಲೆಯೂ ಕೈಗೆಟಕುತ್ತದೆ.

ಕೊಳ್ಳುವ ಮುಂಚೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡುತ್ತೇನೆ. ನೇರ ಬೆಳಕಲ್ಲಿ ಎಲ್ಲ ತಟ್ಟೆಯೂ ಹೊಳೆಯುತ್ತದೆ, ಅಲ್ವಾ? ಓರೆ ಬೆಳಕಲ್ಲಿ ಗೆರೆಯ ಆಳ ಕಾಣುತ್ತದೆ. ಒಂದೇ ಚಿತ್ರದ ಎರಡು ತಟ್ಟೆ ಸಿಕ್ಕರೆ ಭೂತಗನ್ನಡಿಯಲ್ಲಿ ಎರಡನ್ನೂ ಹೋಲಿಸುತ್ತೇನೆ. ರೆಕ್ಕೆಯ ಪ್ರತಿ ಗೆರೆಯೂ ಚೂರೂ ವ್ಯತ್ಯಾಸವಿಲ್ಲದೆ ಒಂದೇ ಥರ ಇದ್ದರೆ ಅದು ಅಚ್ಚಿನ ಕೆಲಸ. ಅಂಥದ್ದನ್ನೂ ಕೊಳ್ಳುತ್ತೇನೆ, ಆದರೆ ಕೈಕೆತ್ತನೆಯ ಬೆಲೆ ಕೊಡುವುದಿಲ್ಲ.

ನಿಜವಾದ ಕೈಕೆಲಸ ನೋಡಬೇಕಾದರೆ ಕ್ಯೋಟೋದ ಹಳೆಯ ಜೋಗನ್ ತಟ್ಟೆಗಳನ್ನು, ಅಂದರೆ ಕಬ್ಬಿಣದಲ್ಲಿ ಚಿನ್ನ ಕೂರಿಸಿದ ತಟ್ಟೆಗಳನ್ನು ನೋಡಬೇಕು. 1876ರಲ್ಲಿ ಜಪಾನಿನ ಅಂದಿನ ಮೈಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಹಿಡಿ, ಕೈಗೆ ಏಟು ತಾಗದಂತೆ ತಡೆಯುವ ಬಿಲ್ಲೆ ಇವನ್ನು ಅಲಂಕರಿಸುತ್ತಿದ್ದ ಎಷ್ಟೋ ಕುಶಲಕರ್ಮಿಗಳು ತಟ್ಟೆ, ಹೂದಾನಿ, ಡಬ್ಬಿಗಳ ಕಡೆ ತಿರುಗಿದರು. ಅವರಲ್ಲಿ ಕೋಮಾಯ್ ಮನೆತನದ ಹೆಸರು ಹೊರದೇಶಗಳಲ್ಲೂ ಬೆಳಗಿತು. ಕಬ್ಬಿಣದ ಮೇಲೆ ಚಾಣದಿಂದ ಬಟ್ಟೆಯ ನೇಯ್ಗೆಯಷ್ಟು ಸಣ್ಣದಾಗಿ ಅಡ್ಡ ಉದ್ದ ಗೀರುತ್ತಾರೆ. ಆ ಗೀರುಗಳಿಗೆ ಚಿನ್ನದ ತಂತಿ, ತಗಡು ಇಟ್ಟು ಬಡಿಯುತ್ತಾರೆ. ಆಮೇಲೆ ತುಕ್ಕು ಹಿಡಿಸಿ, ಅರಗಿನಿಂದ ಕಪ್ಪಾಗಿಸಿ, ಚಿನ್ನ ಮತ್ತೆ ಮೇಲೇಳುವಂತೆ ಉಜ್ಜುತ್ತಾರೆ. ಮೊದಲ ಸಲ ಇದನ್ನು ನೋಡಿದಾಗ ನಮ್ಮ ಬೀದರಿನ ಬಿದ್ರಿಯೇ ಕಣ್ಣ ಮುಂದೆ ಬಂತು. ಲೋಹ ಬೇರೆ, ವಿಧಾನ ಬೇರೆ. ಆದರೂ ಕಪ್ಪಿನ ಮೇಲೆ ಹೊಳೆಯುವ ಆ ಗೆರೆಯನ್ನು ನೋಡಿ ಬೆಳೆದ ಕಣ್ಣಿಗೆ ಇದು ಬೇಗ ಒಗ್ಗುತ್ತದೆ.

ಚೋಕಿನ್ ತಟ್ಟೆಯನ್ನು ಮಾತ್ರ ತಾಮ್ರದ ಚೊಂಬಿನ ಥರ ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ. ಲೇಪ ತುಂಬ ತೆಳು, ಹೋದರೆ ಮತ್ತೆ ಬರಲ್ಲ. ನಾನು ಮೆತ್ತಗಿನ ಒಣಬಟ್ಟೆಯಲ್ಲಿ ಧೂಳು ಒರೆಸುತ್ತೇನೆ, ಅಷ್ಟೇ. ನೀರಲ್ಲಿ ನೆನೆಸಿಡುವುದಂತೂ ಬೇಡವೇ ಬೇಡ. ಬಿಲ್ಲೆಯ ಸಂದಿಗೆ ತೇವ ಇಳಿದರೆ ಹಸಿರು ಕಿಲುಬು ಕಟ್ಟುತ್ತದೆ. ಕೊಳ್ಳುವಾಗಲೂ ಮೊದಲು ಆ ಸಂದಿಯನ್ನೇ ನೋಡಿ. ಗೋಡೆಗೆ ಹಾಕುವ ಸ್ಪ್ರಿಂಗ್ ಕೊಕ್ಕೆ ಅಂಚಿನ ಚಿನ್ನವನ್ನು ಗೀರುತ್ತದೆ. ನನ್ನವೆಲ್ಲ ಮರದ ಸ್ಟ್ಯಾಂಡಿನ ಮೇಲಿವೆ.