ಮಳೆರಜೆ, ರೈಲುಪ್ರಯಾಣ, ಡೇರೆ: ಮಕ್ಕಳ ಹೊತ್ತು ಕಳೆಸುವ ಬಗೆ

ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಶಾಲೆಗೆ ಮಳೆರಜೆ ಸಿಕ್ಕಿತೆಂದು ಕುಣಿದ ಮಕ್ಕಳಿಗೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೇ ಬೇಸರ ಬಂದಿರುತ್ತದೆ, ಹನ್ನೊಂದಕ್ಕೆ ಮೊಬೈಲ್‌ಗಾಗಿ ಹಟ ಶುರುವಾಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳನ್ನು ಸಂಭಾಳಿಸುತ್ತ ನಾನು ಕಂಡುಕೊಂಡದ್ದು ಇಷ್ಟು: ಆಟದ ಸಾಮಾನನ್ನು ತಯಾರಿಸುವ ಕೆಲಸವನ್ನೇ ಮಗುವಿಗೆ ಒಪ್ಪಿಸಿ, ಮೊದಲ ಕಾಲು ಗಂಟೆ ನಾವೂ ಜೊತೆಗೆ ಕುಳಿತರೆ, ಆಮೇಲೆ ನಾವು ಎದ್ದು ಹೋದರೂ ಅವರು ಗಮನಿಸುವುದಿಲ್ಲ.

ಮನೆಯೊಳಗಿನ ದಿನಕ್ಕೆ ಚೌಕಾಬಾರಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಕವಡೆ ಇಲ್ಲದಿದ್ದರೆ ಅಡುಗೆಮನೆಯಿಂದ ನಾಲ್ಕು ಹುಣಿಸೆ ಬೀಜ ತಂದುಕೊಡಿ. ಬೀಜದ ಒಂದು ಮಗ್ಗುಲನ್ನು ಮಾತ್ರ ಒರಟು ಕಲ್ಲಿನ ಮೇಲೆ ಉಜ್ಜುತ್ತ ಹೋದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುತ್ತದೆ. ಉಜ್ಜುವಾಗ ಬೀಜ ಬಿಸಿಯಾಗಿ ಬೆರಳಿಗೆ ತಾಗುತ್ತದೆ, ನಡುವೆ ನಿಲ್ಲಿಸಿ ಉಫ್ ಎಂದು ಊದಿಕೊಳ್ಳಬೇಕಾಗುತ್ತದೆ, ಹೀಗೆ ನಾಲ್ಕು ಬೀಜ ಮುಗಿಯುವಷ್ಟರಲ್ಲಿ ಬಹಳ ಹೊತ್ತು ಸಂದಿರುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಅಡ್ಡ ಐದು, ಉದ್ದ ಐದು, ಒಟ್ಟು 25 ಚೌಕಗಳನ್ನು ಬರೆದು, ನಾಲ್ಕೂ ಬದಿಯ ನಡುವಿನ ಚೌಕಕ್ಕೆ ಮತ್ತು ನಟ್ಟನಡುವಿನ ಚೌಕಕ್ಕೆ ಕತ್ತರಿ ಗುರುತು ಹಾಕಬೇಕು. ಇವು ಮನೆಗಳು, ಇಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಒಡೆದ ಬಳೆಯ ಬದಲು ಕಾಫಿಬೀಜ, ಅವರೆಕಾಳು, ಗುಂಡಿ ಯಾವುದಾದರೂ ಆದೀತು. ಬೀಜಗಳನ್ನು ಚೆಲ್ಲಿದಾಗ ಬಿಳಿ ಮೇಲಾದಷ್ಟು ಚೌಕ ಮುಂದೆ ನಡೆಯಬೇಕು: ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಕಂದಾದರೆ ಬಾರ, ಅಂದರೆ ಎಂಟು, ಇವೆರಡಕ್ಕೂ ಇನ್ನೊಂದು ಸಲ ಆಡುವ ಹಕ್ಕುಂಟು. ಕಾಯಿಗಳು ಹೊರಸುತ್ತನ್ನು ಎಡಸುತ್ತಾಗಿ, ಒಳಸುತ್ತನ್ನು ಬಲಸುತ್ತಾಗಿ ಮುಗಿಸಿ ನಡುಮನೆ ಸೇರಿದರೆ ಹಣ್ಣಾದವು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವೇ ಈ ಆಟದ ಜೀವ. ನಿಯಮಗಳು ಊರಿಂದೂರಿಗೆ ಸ್ವಲ್ಪ ಬೇರೆಯಾಗುವುದರಿಂದ ಅಜ್ಜಿ ಹೇಳಿದ್ದೇ ಕೊನೆಯ ಮಾತೆಂದು ಮೊದಲೇ ಒಪ್ಪಿಕೊಂಡುಬಿಡಿ, ಜಗಳ ಅರ್ಧ ಕಡಿಮೆಯಾಗುತ್ತದೆ. ಲೆಕ್ಕ ಬಾರದ ನಾಲ್ಕು ವರ್ಷದ ಮಗುವನ್ನು ದೊಡ್ಡವರ ಜೊತೆಗಾರನಾಗಿ ಕೂಡಿಸಿ, ಬೀಜ ಚೆಲ್ಲುವ ಕೆಲಸವನ್ನು ಅದಕ್ಕೇ ಬಿಡಿ.

ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆ, ಅಂದರೆ ಅಳಗುಳಿಮಣೆ, ಅಟ್ಟದಿಂದ ಇಳಿಯುತ್ತದೆ. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಮಣೆ ಇಲ್ಲದವರು ಮೊಟ್ಟೆಯ ರಟ್ಟಿನ ತಟ್ಟೆಯಿಂದ ಗುಳಿಗಳನ್ನು ಕತ್ತರಿಸಿ ಏಳೇಳರ ಎರಡು ಸಾಲು ಜೋಡಿಸಿಕೊಂಡರೂ ನಡೆಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಚಂದ ಕಾಣುತ್ತದೆಂದು ಕಪ್ಪು ಕಣ್ಣಿನ ಕೆಂಪು ಗುಲಗಂಜಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹುಣಿಸೆ ಬೀಜವೇ ಸಾಕು. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಆಟ ಮುಗಿದ ಮೇಲೆ ಕಾಳುಗಳನ್ನು ಎಣಿಸಿ ಡಬ್ಬಿಗೆ ತುಂಬುವುದನ್ನೂ ಆಟದ ಭಾಗವಾಗಿಸಿ.

ಪ್ರಯಾಣದ ಮಾತಿಗೆ ಬಂದರೆ, ಬೆಂಗಳೂರಿನಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುವಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳು ಸಿಗುತ್ತವೆ. ಇಳಿಜಾರು ಕಡಿದಾಗಿರುವುದರಿಂದ ರೈಲು ನಿಧಾನಕ್ಕೆ ಹೋಗುತ್ತದೆ, ಎಣಿಸಲು ಬೇಕಾದಷ್ಟು ಸಮಯವಿರುತ್ತದೆ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, ಪ್ರತಿ ಸುರಂಗಕ್ಕೂ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು ಎಂದು ತೋರಿಸಿಕೊಡಿ. ನನ್ನ ಮಗಳ ಲೆಕ್ಕ ಮೊದಲ ಸಲ 53ಕ್ಕೆ ನಿಂತಿತು, ನಾಲ್ಕು ಎಲ್ಲಿ ತಪ್ಪಿದವೆಂಬ ಚರ್ಚೆಯಲ್ಲೇ ಪುತ್ತೂರು ದಾಟಿತ್ತು. ಬಸ್ಸಿನಲ್ಲೋ ಕಾರಿನಲ್ಲೋ ಹೋಗುವವರು ವಾಹನಗಳ ನಂಬರ್ ಹಿಡಿದು ಊರು ಹೇಳಿಸಬಹುದು: ಕೆಎ 13 ಹಾಸನ, 18 ಚಿಕ್ಕಮಗಳೂರು, 12 ಮಡಿಕೇರಿ, 21 ಪುತ್ತೂರು, 19 ಮಂಗಳೂರು, 20 ಉಡುಪಿ. ಘಾಟಿಯ ತಿರುವುಗಳಲ್ಲಿ ಮಾತ್ರ ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಕೊಡಬಾರದು. ಕಣ್ಣು ಹಾಳೆಯ ಮೇಲೆ ನಿಂತು ಮೈ ತಿರುಗುತ್ತಿದ್ದರೆ ವಾಂತಿ ಖಂಡಿತ. ಅಲ್ಲಿ ದೂರದ ಬೆಟ್ಟ ನೋಡುತ್ತ ಆಡುವ ಅಂತ್ಯಾಕ್ಷರಿ, ಒಗಟು ಇವೇ ಸರಿ.

ಡೇರೆ ಹಾಕಿ ಉಳಿಯುವಲ್ಲಿ ಹಗಲನ್ನು ತುಂಬಿಸುವುದು ಕಷ್ಟವಲ್ಲ. ಕಡ್ಡಿ ಆರಿಸುವುದು, ನೀರು ತುಂಬುವುದು, ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯೇ ಎಂದು ಎಲ್ಲರನ್ನೂ ತಪಾಸಣೆ ಮಾಡುವುದು, ಈ ಹುದ್ದೆಗಳನ್ನು ಹಂಚಿಬಿಟ್ಟರಾಯಿತು. ನದಿಯ ದಡದಲ್ಲಿದ್ದರೆ ದೊಡ್ಡವರಿಲ್ಲದೆ ದಾಟಬಾರದ ಗೆರೆಯೊಂದನ್ನು ಹಗ್ಗದಿಂದಲೇ ಗುರುತಿಸಿ. ಭೀಮೇಶ್ವರಿಯಂಥ ಕಡೆ ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು.

ಕಷ್ಟವಿರುವುದು ಕತ್ತಲಾದ ಮೇಲೆ. ಭಯಕ್ಕೂ ಬೇಸರಕ್ಕೂ ನಾನು ಕೊಡುವ ಮದ್ದು ಒಂದೇ: ಟಾರ್ಚು. ಅದನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಹುಲ್ಲಿನ ಮೇಲೆ ಬೆಳಕು ಬಿಟ್ಟರೆ ಅಲ್ಲಲ್ಲಿ ಇಬ್ಬನಿಯ ಹನಿಯಂತೆ ಹಸಿರು ಚುಕ್ಕಿಗಳು ಮಿನುಗುತ್ತವೆ. ಹತ್ತಿರ ಹೋಗಿ ನೋಡಿದರೆ ಅವು ನೆಲದಲ್ಲಿ ಬೇಟೆಯಾಡುವ ಜೇಡಗಳ ಕಣ್ಣುಗಳು. ಮುಟ್ಟುವಂತಿಲ್ಲ, ಎಣಿಸುವುದಷ್ಟೇ. ಅನಂತರ ಟಾರ್ಚು ಆರಿಸಿ ಇಪ್ಪತ್ತು ನಿಮಿಷ ಕತೆ ಹೇಳುತ್ತ ಕುಳಿತರೆ ಕಣ್ಣು ಕತ್ತಲಿಗೆ ಹೊಂದಿಕೊಂಡು ನಕ್ಷತ್ರಗಳು ತುಂಬಿಕೊಳ್ಳುತ್ತವೆ. ಮಾರ್ಚ್‌ನಿಂದ ಮೇವರೆಗಿನ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ಉತ್ತರಕ್ಕೆ ಚೆನ್ನಾಗಿ ಕಾಣುತ್ತದೆ. ಅದರ ಚೌಕದ ಮುಂಚೂಣಿಯ ಎರಡು ನಕ್ಷತ್ರಗಳಾದ ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅವುಗಳ ನಡುವಿನ ಅಂತರದ ಸುಮಾರು ಐದರಷ್ಟು ಮುಂದೆ ಸಾಗಿದರೆ ಧ್ರುವ ಸಿಗುತ್ತದೆ. ಇನ್ನು ಮಗುವಿಗೆ ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಲು ಹೇಳಿ. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮರೆಮಾಡುತ್ತದೆ, ಮಕ್ಕಳ ಕೈಯೂ ಮುಷ್ಟಿಯೂ ಎರಡೂ ಚಿಕ್ಕವಾದ್ದರಿಂದ ಅವರಿಗೂ ಲೆಕ್ಕ ಅದೇ. ಬೆಂಗಳೂರಿನ ಆಸುಪಾಸಿನಲ್ಲಿ ಧ್ರುವ ಇರುವುದು 13 ಡಿಗ್ರಿ ಎತ್ತರದಲ್ಲಿ, ಅಂದರೆ ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ. ಮುಂದೆ ಎಂದಾದರೂ ದೆಹಲಿಗೆ ಹೋದಾಗ ಅದೇ ಮಗುವಿಂದ ಮತ್ತೆ ಅಳೆಯಿಸಿ. ಅಲ್ಲಿ ಸುಮಾರು ಮೂರು ಮುಷ್ಟಿ ಬೇಕಾಗುತ್ತದೆ.