ರಾತ್ರಿಯ ಪ್ರಾರ್ಥನೆ ಐದು ನಿಮಿಷ, ಉಳಿದದ್ದು ಅಡುಗೆಮನೆಯಲ್ಲಿ

ನಮ್ಮ ಮನೆಯ ಕುಟುಂಬ ಪ್ರಾರ್ಥನೆ ಐದೇ ನಿಮಿಷ. ಇದನ್ನು ಹೇಳಿದರೆ ನಮ್ಮ ಚರ್ಚಿನ ಸಭೆಯ ಹಿರಿಯರು ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಅವರ ಕಾಲದಲ್ಲಿ ಅದು ಮುಕ್ಕಾಲು ಗಂಟೆ ನಡೆಯುತ್ತಿತ್ತು. ನಮ್ಮ ಅಪ್ಪನದೂ ಅಷ್ಟೇ: ಒಂದು ಸಂಗೀತ, ಒಂದು ಅಧ್ಯಾಯ, ಆಮೇಲೆ ನಮ್ಮ ಓಣಿಯಿಂದ ಹಿಡಿದು ಲೋಕದ ಅಧಿಪತಿಗಳವರೆಗೆ ಎಲ್ಲರಿಗಾಗಿ ಬಿನ್ನಹ. ನಾವು ಮಕ್ಕಳು ಮೊಣಕಾಲೂರಿದಲ್ಲೇ ನಿದ್ದೆ ಹೋಗುತ್ತಿದ್ದೆವು. ಅಪ್ಪನ ಭಕ್ತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನನಗೆ ತಟ್ಟಿದ್ದು ಕಿರಾಣಿ ಅಂಗಡಿಯವ ತಿಂಗಳ ಲೆಕ್ಕದಲ್ಲಿ ಒಂದು ಸಾಮಾನು ಬಿಟ್ಟು ಬರೆದಿದ್ದಾಗ. ಅಪ್ಪ ಚೀಟಿ ಹಿಡಿದು ಮತ್ತೆ ಚಪ್ಪಲಿ ಮೆಟ್ಟಿ ಹೊರಟರು. ಅವ್ವ ‘ನಾಳೆ ಹೋದ್ರಾತು’ ಅಂದರೂ ಕೇಳಲಿಲ್ಲ.

ಬೈಬಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಆಜ್ಞೆಗಳ ವಿಷಯ ಮಕ್ಕಳ ಹತ್ತಿರ ಆಡು ಎನ್ನುತ್ತದೆ ಅದು. ನಾನೂ ನನ್ನ ಹೆಂಡತಿಯೂ ಅದನ್ನು ಅಕ್ಷರಶಃ ತೆಗೆದುಕೊಂಡೆವು. ನಾವು ಧಾರವಾಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1837ರಲ್ಲಿ ಈ ಊರಿಗೆ ಬಂದರು. ಅವರು ಕಲಿಸಿಹೋದ ಶಿಸ್ತು ನಮ್ಮ ಹಳೆಯ ಮನೆತನಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಶಿಸ್ತಿನ ಕೊರತೆ ನಮಗೆ ಯಾವತ್ತೂ ಇರಲಿಲ್ಲ. ಮಗನಿಗೆ ಈಗ ಹದಿನಾಲ್ಕು, ಮಗಳಿಗೆ ಒಂಬತ್ತು.

ಶುರು ಮಾಡಿದ್ದು ಹಿಡಿ ಅಕ್ಕಿಯಿಂದ. ನಮ್ಮಜ್ಜಿ ಬೆಟಗೇರಿಯಲ್ಲಿ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು, ಭಾನುವಾರ ಅದು ದೇವಾಲಯಕ್ಕೆ ಹೋಗುತ್ತಿತ್ತು. ಮಿಜೋರಾಂನ ಸಭೆಗಳಲ್ಲಿ ಹೆಣ್ಣುಮಕ್ಕಳು 1910ರಿಂದ ಇದನ್ನೇ ಬಿಡದೆ ಮಾಡಿಕೊಂಡು ಬಂದಿದ್ದಾರೆ. ಅಲ್ಲಿನ ಸಭೆ ತನ್ನ ಕಾಲ ಮೇಲೆ ನಿಂತಿರುವುದರಲ್ಲಿ ಆ ಹಿಡಿ ಅಕ್ಕಿಯ ಪಾಲು ದೊಡ್ಡದು. ನಮ್ಮ ಕಡೆ ಯಾಕೋ ಅದು ಅಜ್ಜಿಯರ ಜೊತೆಗೇ ಹೋಗಿಬಿಟ್ಟಿತು, ಈಗ ಕವರಿನಲ್ಲಿ ದುಡ್ಡು ಹಾಕುತ್ತೇವೆ. ಅಪ್ಪ ಕವರಿಗೆ ಏನು ಹಾಕಿದ ಎನ್ನುವುದು ಮಗುವಿಗೆ ಕಾಣುವುದಿಲ್ಲ. ಹಿಡಿ ಅಕ್ಕಿ ಕಾಣುತ್ತದೆ. ಅದಕ್ಕೆ ನಾವು ಡಬ್ಬಿಯನ್ನು ಮತ್ತೆ ಅಡುಗೆಮನೆಗೆ ತಂದೆವು.

ಪದ್ಧತಿ ಹೀಗಿದೆ. ಅವತ್ತಿನ ಅಡುಗೆಗೆ ಅಳೆದಿಟ್ಟ ಅಕ್ಕಿಯಿಂದಲೇ ತೆಗೆಯಬೇಕು, ಚೀಲದಿಂದ ಅಲ್ಲ. ಅಂದರೆ ನಮ್ಮ ತಾಟಿನಲ್ಲಿ ಅಷ್ಟು ಕಮ್ಮಿಯಾಗಬೇಕು. ತೆಗೆಯುವ ಕೈ ಮಕ್ಕಳದು, ಸರದಿಯ ಮೇಲೆ. ಮೊದಮೊದಲು ಮಗಳು ಕೇಳಿದಳು: ‘ಅಪ್ಪಾ, ನನ್ನ ಮುಷ್ಟಿ ಸಣ್ಣದೈತಿ, ಹಂಗಾರ ನಾ ಎರಡು ಸಲ ಹಾಕಬೇಕೇನು?’ ಅಣ್ಣ ಥಟ್ಟನೆ ಅಂದ: ‘ಹಾಕು, ನಿನ್ನ ತಾಟಿನಾಗ ಅನ್ನ ಕಡಿಮಿ ಬೀಳತೈತಿ.’ ಅವಳು ಸ್ವಲ್ಪ ಯೋಚಿಸಿ ಒಂದೂವರೆ ಹಿಡಿ ಹಾಕಿದಳು. ಈಗಲೂ ಅವಳ ಲೆಕ್ಕ ಒಂದೂವರೆಯೇ. ನಾವು ತಿದ್ದಿಲ್ಲ.

ಒಂದು ಮಳೆಗಾಲ ಡಬ್ಬಿಯ ಅಕ್ಕಿಗೆ ಹುಳ ಹಿಡಿಯಿತು. ಕೊಡಬಹುದೋ ಬಾರದೋ ಎಂದು ಇಬ್ಬರಲ್ಲೂ ವಾದ. ಬಿಸಿಲಿಗೆ ಹಾಕಿ ಆರಿಸಿ ಕೊಟ್ಟರೆ ಆಯಿತು ಎಂದು ಮಗ, ನಾವು ಉಣ್ಣದೇ ಇರೋದನ್ನ ಹೆಂಗ ಕೊಡೂದು ಎಂದು ಮಗಳು. ಕುಂಟಾದ, ಕುರುಡಾದ ಪಶುವನ್ನು ಅರ್ಪಿಸುವವರಿಗೆ ಮಲಾಕಿ ಪ್ರವಾದಿ ಬೈದದ್ದು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಅಕ್ಕಿಯನ್ನು ಆರಿಸಿ, ತೊಳೆದು, ನಾವೇ ಉಂಡೆವು. ಡಬ್ಬಿಗೆ ಅಷ್ಟೇ ತೂಕದ ಒಳ್ಳೆಯ ಅಕ್ಕಿ, ಜೊತೆಗೆ ಬೇವಿನ ಎಲೆ. ಇದನ್ನು ಸೂಚಿಸಿದ್ದು ಮಗ. ಯಾರಿಗೆ ಕೊಡಬೇಕು ಎನ್ನುವುದನ್ನೂ ಅವರೇ ನಿರ್ಧರಿಸುತ್ತಾರೆ. ಒಂದು ತಿಂಗಳು ಬೋರ್ಡಿಂಗ್‌ನ ಮಕ್ಕಳಿಗೆ, ಒಂದು ತಿಂಗಳು ಓಣಿಯಲ್ಲಿ ಒಬ್ಬಳೇ ಇರುವ ಮುದುಕಿಗೆ, ಸುಗ್ಗಿ ಹಬ್ಬ ಬಂದರೆ ದೇವಾಲಯದಲ್ಲಿ ಕಾಣಿಕೆಗಳನ್ನು ಕೂಗುವ ಹರಾಜಿಗೆ.

ಮಲಾಕಿಯನ್ನು ಯಾಕೆ ಎತ್ತಲಿಲ್ಲ ಎಂದರೆ, ನಮ್ಮಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಬೈಬಲ್ ವಾಕ್ಯವನ್ನು ಬೆತ್ತ ಮಾಡಬಾರದು. ಮಗು ಎದುರುತ್ತರ ಕೊಟ್ಟ ಕೂಡಲೇ ‘ತಂದೆತಾಯಿಗಳನ್ನು ಸನ್ಮಾನಿಸು’ ಅನ್ನುವುದು, ಸುಳ್ಳು ಹೇಳಿದರೆ, ಸುಳ್ಳಾಡಿ ಸತ್ತುಬಿದ್ದ ಅನನೀಯ ಸಪ್ಫೈರ ದಂಪತಿಯ ಕಥೆ ತೆಗೆಯುವುದು, ಇದು ಕ್ರೈಸ್ತ ಮನೆಗಳಲ್ಲಿ ಸರ್ವೇಸಾಮಾನ್ಯ. ನಾನು ಇದರ ಕಡು ವಿರೋಧಿ. ಬೈಯಬೇಕಿದ್ದರೆ ನನ್ನ ಸ್ವಂತ ಮಾತಿನಲ್ಲಿ ಬೈಯುತ್ತೇನೆ, ದೇವರ ಬಾಯಿಂದ ಬೈಸುವುದಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಮಕ್ಕಳಿಗೆ ಹೇಳಿದ ಬೆನ್ನಿಗೇ ತಂದೆಗಳಿಗೂ ಒಂದು ಮಾತಿದೆ, ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಅಂತ. ಅದನ್ನು ಗೋಡೆಗೆ ತೂಗುಹಾಕಿದ ಮನೆಯನ್ನು ನಾನಂತೂ ಕಂಡಿಲ್ಲ.

ವಾಕ್ಯಕ್ಕೆ ಬೇರೆ ಹೊತ್ತಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ರೊಟ್ಟಿ ಬಡಿಯುವಾಗ, ಕರೆಂಟು ಹೋದಾಗ. ಆಗ ಕಥೆಯಾಗಿ ಹೇಳಿದರೆ ಅವರೇ ಪ್ರಶ್ನೆ ಕೇಳುತ್ತಾರೆ. ಜೋಳದ ಹೊಲದಲ್ಲಿ ಕೊಯ್ದು ಬಿದ್ದ ತೆನೆ ಹಕ್ಕಲಾಯುವ ಹೆಂಗಸರನ್ನು ಗದಗ ದಾರಿಯಲ್ಲಿ ಕಂಡ ದಿನ, ಬೈಬಲಿನಲ್ಲಿ ಹೀಗೇ ಹಕ್ಕಲಾಯ್ದ ರೂತಳ ಕಥೆ ಹೇಳಿದೆ. ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯದೆ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂದು ಯಾಜಕಕಾಂಡದಲ್ಲಿ ಇರುವುದು ಕೇಳಿ ಮಗನಿಗೆ ಆಶ್ಚರ್ಯ. ‘ಅದು ಕಾನೂನೇನು?’ ಅಂದ.

ಅದೇ ಗದಗ ದಾರಿಯ ಇನ್ನೊಂದು ವಿಷಯ. ಕೆಂಪು ಬಸ್ಸಿನಲ್ಲಿ ಹನ್ನೆರಡರವರೆಗೆ ಅರ್ಧ ಟಿಕೆಟ್. ಮಗ ಕುಳ್ಳ, ಹದಿಮೂರಕ್ಕೆ ಬಿದ್ದ ಮೇಲೂ ಕಂಡಕ್ಟರ್ ನೋಡಿದ ಕೂಡಲೇ ಅರ್ಧ ಹರಿಯುತ್ತಿದ್ದರು. ಪ್ರತಿಸಲ ಅವನೇ ‘ಪೂರ್ತಿ ಕೊಡ್ರಿ’ ಅನ್ನಬೇಕು ಎಂದು ಅವನ ಕೈಗೇ ದುಡ್ಡು ಕೊಟ್ಟೆ. ಕಷ್ಟದ ಕೆಲಸ, ಯಾಕೆಂದರೆ ಸುತ್ತಲಿನವರು ನಗುತ್ತಾರೆ. ಮಗಳಿಗೆ ಈ ಪರೀಕ್ಷೆ ಇಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದು ಅವಳೂ ಅವಳ ತಾಯಿಯೂ ಹಾಯಾಗಿದ್ದಾರೆ!

ಪಕ್ಕದ ಮನೆಯಿಂದ ಗಣೇಶ ಚೌತಿಗೆ ಕಡುಬು ಬರುತ್ತದೆ. ಕ್ರಿಸ್ಮಸ್‌ಗೆ ನಮ್ಮ ಕರ್ಚಿಕಾಯಿ, ಕೇಕು ಅಲ್ಲಿಗೆ ಹೋಗುತ್ತದೆ. ನೈವೇದ್ಯದ್ದನ್ನು ತಿನ್ನಬಹುದೇ ಎಂಬುದರಲ್ಲಿ ನಮ್ಮ ಸಭೆಯಲ್ಲೇ ಒಮ್ಮತವಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ನಾನು ತಿನ್ನುತ್ತೇನೆ, ಹೆಂಡತಿ ತಿನ್ನುವುದಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದಾಗಲೂ ಇದೇ ತಕರಾರು ಇತ್ತು, ಅವನ ಚಿಂತೆಯೆಲ್ಲ ಇನ್ನೊಬ್ಬರ ಮನಸ್ಸಾಕ್ಷಿಗೆ ನೋವಾಗಬಾರದು ಎಂಬುದರ ಮೇಲಿತ್ತು ಎಂದು ಇಬ್ಬರೂ ಸೇರಿ ಹೇಳಿದೆವು. ಎರಡೂ ಕೈಯಲ್ಲಿ ಇಸಕೊಂಡು, ಆ ಮನೆಯ ಕಾಕುವಿನ ಮುಖ ನೋಡಿ ಮಾತಾಡಿಸಿ ಬರುವುದು ಮಾತ್ರ ಕಡ್ಡಾಯ. ತಿನ್ನುವುದು ಅವರವರಿಗೆ ಬಿಟ್ಟದ್ದು. ಮಗಳು ತಿನ್ನುತ್ತಾಳೆ, ಅದರಲ್ಲಿ ಮನಸ್ಸಾಕ್ಷಿ ಎಷ್ಟೋ, ಬೆಲ್ಲ ಎಷ್ಟೋ.

ಇನ್ನು ಆ ಐದು ನಿಮಿಷ. ಒಬ್ಬರು ಓದುವುದು, ಒಬ್ಬರು ಪ್ರಾರ್ಥಿಸುವುದು, ಕೊನೆಗೆ ಎಲ್ಲರೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಮಕ್ಕಳ ಪ್ರಾರ್ಥನೆಯನ್ನು ತಿದ್ದುವುದಿಲ್ಲ. ಕಳೆದ ವರ್ಷ ಪರೀಕ್ಷೆಯ ಹೊತ್ತಿಗೆ ಮಗಳು ಕೇಳಿದ್ದಳು: ‘ನಾನೂ ನನ್ನ ಗೆಳತಿನೂ ಇಬ್ರೂ ಫಸ್ಟ್ ಬರಲಿ ಅಂತ ಬೇಡ್ಕೊಂಡ್ರ ದೇವರು ಯಾರ ಮಾತು ಕೇಳತಾನ?’ ನನಗೂ ಗೊತ್ತಿಲ್ಲವ್ವ ಅಂದೆ. ಅವತ್ತಿನಿಂದ ನಂಬರಿಗಾಗಿ ಬೇಡುವುದನ್ನು ಬಿಟ್ಟು, ಓದಿದ್ದು ನೆನಪಿರಲಿ, ಹೆದರಿಕೆ ಹೋಗಲಿ ಎಂದು ಬೇಡುತ್ತೇವೆ, ಗೆಳತಿಯ ಹೆಸರು ಸೇರಿಸಿ.

ಮಗ ಈಗ ಗಟ್ಟಿಯಾಗಿ ಪ್ರಾರ್ಥನೆ ಮಾಡಲು ಒಲ್ಲೆ ಅನ್ನುತ್ತಾನೆ. ಮುಂದಿನ ವರ್ಷ ದೃಢೀಕರಣದ ತರಗತಿಗೆ ಸೇರಬೇಕು, ಅದಕ್ಕೂ ‘ನೋಡೋಣ’ ಎಂದಿದ್ದಾನೆ. ಹೆಂಡತಿಗೆ ಇದು ಆತಂಕ. ನನಗೆ ಅಷ್ಟಿಲ್ಲ, ಸಭೆಯ ಮುಂದೆ ನಿಂತು ತನ್ನ ನಂಬಿಕೆಯನ್ನು ತಾನೇ ಅರಿಕೆ ಮಾಡುವ ಆಚರಣೆ ಅದು, ದೂಡಿ ನಿಲ್ಲಿಸಿದರೆ ಅರ್ಥವೇ ಹೋಯಿತು. ಸಭಾಪಾಲಕರ ಹತ್ತಿರ ಮಾತಾಡಿದಾಗ ಒಂದು ವರ್ಷ ತಡವಾದರೆ ಆಗಲಿ ಎಂದರು. ಸದ್ಯಕ್ಕೆ ಒಪ್ಪಂದ ಇಷ್ಟು: ಕೂರಬೇಕು, ಫೋನು ಇನ್ನೊಂದು ಕೋಣೆಯಲ್ಲಿರಬೇಕು, ಅವನ ಸರದಿಗೆ ಓದಿದರೆ ಸಾಕು. ಪ್ರಾರ್ಥನೆಯ ಸರದಿಯನ್ನು ತಂಗಿ ವಹಿಸಿಕೊಂಡಿದ್ದಾಳೆ, ಅಣ್ಣನಿಗೆ ಒಳ್ಳೆಯ ಬುದ್ಧಿ ಕೊಡು ಎಂದು ದಿನವೂ ಅವನಿಗೆ ಕೇಳುವಷ್ಟು ಜೋರಾಗಿ ಬೇಡುತ್ತಾಳೆ.