ಮೊಬೈಲ್ ಹಾಡು ಅಮ್ಮನ ರೇಡಿಯೊದಲ್ಲಿ: ಮನೆಯೊಳಗಿನ ಪುಟ್ಟ ಎಫ್‌ಎಂ ಹೊಂದಿಸುವುದು ಹೇಗೆ?

ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಒಂದು ಹಳೇ ರೇಡಿಯೊ ಇದೆ. ರೊಟ್ಟಿ ತಟ್ಟುವ ಕೈಯಲ್ಲಿ ಮೊಬೈಲ್ ಮುಟ್ಟೋಕೆ ಅಮ್ಮನಿಗೆ ಆಗುವುದಿಲ್ಲ. ಆದರೆ ತಾಳಮದ್ದಳೆ ಇರುವುದೆಲ್ಲ ನನ್ನ ಮೊಬೈಲಿನಲ್ಲಿ. ಎರಡನ್ನೂ ಜೋಡಿಸಿದ್ದು ಕಾರಿಗೆಂದು ಮಾರುವ ಬ್ಲೂಟೂತ್ ಎಫ್‌ಎಂ ಟ್ರಾನ್ಸ್‌ಮಿಟರ್. ಅದು ಮೊಬೈಲಿನ ಹಾಡನ್ನು ಎಫ್‌ಎಂ ಅಲೆಯಾಗಿ ಹತ್ತಿರದ ರೇಡಿಯೊಗೆ ಕಳಿಸುತ್ತದೆ.

ಮೊದಲು ಕರೆಂಟು. ಈ ಸಾಧನಕ್ಕೆ ಬೇಕಾದದ್ದು 12 ವೋಲ್ಟ್. ತುದಿಯಲ್ಲಿ ಕಾರಿನ ಸಾಕೆಟ್ ಇರುವ 12 ವೋಲ್ಟ್ ಅಡಾಪ್ಟರ್ ಕೊಳ್ಳಿ. ವೈರ್ ಸುತ್ತಿ ಸುಮ್ನೆ ಸಿಕ್ಕಿಸಬೇಡಿ. ನಂತರ ಮೊಬೈಲನ್ನು ಬ್ಲೂಟೂತ್‌ನಲ್ಲಿ ಸೇರಿಸಿದರೆ ಅಷ್ಟು ಮುಗಿಯಿತು.

ನಿಜವಾದ ಕೆಲಸ ರೇಡಿಯೊದಲ್ಲಿ ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗ ಹುಡುಕುವುದು. ಟ್ರಾನ್ಸ್‌ಮಿಟರ್ ಆಫ್ ಮಾಡಿ, ರೇಡಿಯೊವನ್ನು 88ರಿಂದ 108 ಮೆಗಾಹರ್ಟ್ಸ್‌ವರೆಗೆ ನಿಧಾನ ತಿರುಗಿಸಿ. ಒಂದೇ ಸಮನೆ 'ಶ್' ಎನ್ನುತ್ತಿರಬೇಕು, ಅದರಡಿ ಯಾರ ದನಿಯೂ ಇರಬಾರದು. ಬೆಂಗಳೂರಿನಲ್ಲಿ 91.1, 91.9, 92.7, 93.5, 94.3 ಎಂದು ಸ್ಟೇಷನ್‌ಗಳು ಸಾಲಾಗಿವೆ. ನಡುವಿನ ಸಂದು ಖಾಲಿ ಅನ್ನಿಸುತ್ತದೆ, ಆದರೆ ಹಳೇ ರೇಡಿಯೊಗಳಲ್ಲಿ ಅಕ್ಕಪಕ್ಕದವರ ಮಾತು ಅಲ್ಲಿಗೂ ಸೋರುತ್ತದೆ. ಕ್ಷೀಣವಾಗಿ ಕೇಳುವ ಸ್ಟೇಷನ್ ಮೇಲೂ ಕೂರಬೇಡಿ. ಎಫ್‌ಎಂನಲ್ಲಿ ಬಲ ಜಾಸ್ತಿ ಇರುವ ಅಲೆ ಇನ್ನೊಂದನ್ನು ನುಂಗಿಬಿಡುತ್ತದೆ. ಬಾಗಿಲು ಮುಚ್ಚಿದರೂ ಸಾಕು, ಯಾರದು ಬಲ ಎಂಬುದು ಬದಲಾಗಬಹುದು.

ಮುಳ್ಳಿನ ರೇಡಿಯೊ ತೋರಿಸುವ ಸಂಖ್ಯೆ ಕರಾರುವಾಕ್ಕಾಗಿ ಇರುವುದಿಲ್ಲ. ಹಾಗಾಗಿ ಮುಳ್ಳನ್ನು ಖಾಲಿ ಜಾಗದಲ್ಲೇ ಬಿಡಿ. ಹಾಡು ಹಚ್ಚಿ, ಟ್ರಾನ್ಸ್‌ಮಿಟರನ್ನೇ 0.1ರಂತೆ ಏರಿಸುತ್ತಾ, ಇಳಿಸುತ್ತಾ ಬನ್ನಿ. ಹಾಡು ಸ್ಪಷ್ಟವಾದಲ್ಲಿ ನಿಲ್ಲಿಸಿ.

ಇನ್ನು ವಾಲ್ಯೂಮ್. ಮೊಬೈಲಿನದನ್ನು ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ. ತೀರಾ ಇಳಿಸಿದರೆ ರೇಡಿಯೊ ಏರಿಸಬೇಕಾಗಿ ಬರುತ್ತದೆ, ಜೊತೆಗೆ 'ಶ್' ಸದ್ದೂ ಏರುತ್ತದೆ. ನಾನು ಚೆಂಡೆಯ ಬಿರುಸಿನ ಪೆಟ್ಟುಗಳನ್ನು ಹಾಕಿ, ಕರಕರ ನಿಲ್ಲುವವರೆಗೆ ಮೊಬೈಲ್ ಇಳಿಸಿದೆ. ಮುಕ್ಕಾಲು ಭಾಗಕ್ಕೆ ಸರಿಹೋಯಿತು.

ಆಮೇಲೂ ಗೊರಗೊರ ಅಂದರೆ ಟ್ರಾನ್ಸ್‌ಮಿಟರಿನ ಜಾಗ ಬದಲಿಸಿ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಗೋಡೆಗೆ, ಕಬ್ಬಿಣದ ಬೀರುವಿಗೆ ಬಡಿದು ಹಿಂತಿರುಗಿದ ಅಲೆ ನೇರ ಅಲೆಯನ್ನು ಕೆಲವೆಡೆ ಕುಗ್ಗಿಸುತ್ತದೆ. ಒಂದೆರಡು ಮೊಳ ಸರಿಸಿದರೂ ದನಿ ಬೇರೆಯಾಗುತ್ತದೆ! ನಾನು ಮೊದಲು ಫ್ರಿಜ್ ಮೇಲಿಟ್ಟಿದ್ದೆ, ಬರೀ ಗದ್ದಲ. ಪಡಸಾಲೆಯ ಮರದ ಶೆಲ್ಫಿಗೆ ತಂದ ಮೇಲೆ ಭಾಗವತರ ಉಸಿರೂ ಕೇಳಿಸಿತು. ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್‌ಗಳನ್ನೂ ಒಂದೊಂದಾಗಿ ಆರಿಸಿ ನೋಡಿ. ರೇಡಿಯೊದಲ್ಲಿ ಮೋನೊ (ಎಡ-ಬಲದ ದನಿಯನ್ನು ಒಂದಾಗಿಸುವ) ಗುಂಡಿ ಇದ್ದರೆ ಒತ್ತಿ, 'ಶ್' ಸದ್ದು ಕಡಿಮೆಯಾಗುತ್ತದೆ.

ದೂರ ಸಾಲದೆಂದು ಆಂಪ್ಲಿಫೈಯರ್, ಉದ್ದದ ಆಂಟೆನಾ ಮಾತ್ರ ಜೋಡಿಸಬೇಡಿ. ಲೈಸೆನ್ಸ್ ಇಲ್ಲದೆ ಊರಿಗೆಲ್ಲ ಪ್ರಸಾರ ಮಾಡುವುದು ಅಪರಾಧ. ಬಿಹಾರದ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಮಾಡುವ ಹುಡುಗನೊಬ್ಬ ನಡೆಸುತ್ತಿದ್ದ ಎಫ್‌ಎಂ ಕೇಂದ್ರ ಊರಿನವರಿಗೆಲ್ಲ ಅಚ್ಚುಮೆಚ್ಚು. ಲೈಸೆನ್ಸ್ ಇರಲಿಲ್ಲವೆಂದು 2006ರಲ್ಲಿ ಅದನ್ನೂ ಮುಚ್ಚಿಸಿದರು. ನಮ್ಮ ದನಿ ನಮ್ಮ ಮನೆಯೊಳಗಿದ್ದರೆ ಸಾಕು, ಅಲ್ವಾ?

ಕೊನೆಗೆ ಮುಳ್ಳು ನಿಂತ ಜಾಗಕ್ಕೊಂದು ಗುರುತು ಹಾಕಿ. ನಮ್ಮನೆಯಲ್ಲಿ ಅಮ್ಮ ತನ್ನ ಹಣೆಯ ಸ್ಟಿಕರ್ ತೆಗೆದು ಗಾಜಿಗೆ ಅಂಟಿಸಿದ್ದಾಳೆ.